ಯಾರ ಹೆಸರಿಗೋ ಹಸಿದದ್ದು

ಬೂದಿ ಬುಧವಾರದ ಹಿಂದಿನ ದಿನ ನನ್ನ ತವರಿನಲ್ಲಿ ಯಾರೂ ಸುಮ್ಮನೆ ಊಟ ಮಾಡುವುದಿಲ್ಲ. ಯಾರ ಮೇಲೋ ಸೇಡು ತೀರಿಸಿಕೊಳ್ಳುವವರ ಹಾಗೆ ಉಣ್ಣುತ್ತಾರೆ. ಮಾರನೆಯ ದಿನದಿಂದ ತಪಸ್ಸುಕಾಲ. ಈಸ್ಟರ್ ಬರುವವರೆಗೆ ನಲವತ್ತು ದಿನ ಬಾಡಿಲ್ಲ, ಮೊಟ್ಟೆಯಿಲ್ಲ, ಮನೆಯಲ್ಲಿ ಮದುವೆ ಮಾತಿಲ್ಲ. ಅಷ್ಟೂ ದಿನದ ಬಾಡನ್ನು ಆ ಒಂದೇ ಮಂಗಳವಾರ ತಿಂದು ಮುಗಿಸಬೇಕು ಅನ್ನುವುದು ನಮ್ಮವರ ನಂಬಿಕೆ. ಇದಕ್ಕೆ ಬೈಬಲ್ಲಿನಲ್ಲಿ ಆಧಾರ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ತಮ್ಮನ ಹೊಟ್ಟೆಯಲ್ಲಂತೂ ಇದೆ.

ತವರು ಕುಣಿಗಲ್ ಕಡೆಯ ಹಳ್ಳಿ. ಮಾರ್ಕೋನಹಳ್ಳಿ ನಾಲೆಯ ನೀರು ಬರುವ ಒಂದಿಷ್ಟು ತೆಂಗು, ನೀರು ಹತ್ತದ ದಿಣ್ಣೆಯ ಮೇಲೆ ರಾಗಿ. ನಾವು ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಗೋಡೆಯ ಮೇಲಿನ ಶಿಲುಬೆ ಒಂದನ್ನು ಬಿಟ್ಟರೆ ಪಕ್ಕದ ಮನೆಯ ಗೌಡರಿಗೂ ನಮಗೂ ದೊಡ್ಡ ವ್ಯತ್ಯಾಸವಿಲ್ಲ. ಅವರು ಶ್ರಾವಣಕ್ಕೆ ಮುಂಚೆ ಮರಿ ಕಡಿದು, ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿಕೊಳ್ಳುತ್ತಾರೆ. ನಾವು ತಪಸ್ಸುಕಾಲಕ್ಕೆ ಮುಂಚೆ. ಅವರ ಗುಡ್ಡೆಯಲ್ಲಿ ನಮಗೊಂದು ಪಾಲು, ನಮ್ಮದರಲ್ಲಿ ಅವರಿಗೊಂದು. "ನಿಮ್ ದ್ಯಾವ್ರು ಬ್ಯಾಸ್ಗೇಲಿ ಉಪ್ವಾಸ ಹಾಕ್ತಾನೆ, ನಮ್ ದ್ಯಾವ್ರು ಮಳೆಗಾಲ್ದಲ್ಲಿ. ಕುರೀಗ್ ಮಾತ್ರ ಎಲ್ಡ್ ಕಡೇನೂ ತಪ್ಪಕಿಲ್ಲ ಬುಡು" ಎಂದು ಆ ಮನೆಯ ಅಜ್ಜ ವರ್ಷವೂ ಅದೇ ಮಾತು ಹೇಳುತ್ತಿದ್ದ, ನಾವು ವರ್ಷವೂ ನಗುತ್ತಿದ್ದೆವು.

ಆ ಊಟಕ್ಕೆ ನಮ್ಮಲ್ಲಿ 'ಕೊನೇ ಬಾಡು' ಅನ್ನುತ್ತಾರೆ. ಬೆಳಿಗ್ಗೆಯೇ ಹಿತ್ತಿಲಲ್ಲಿ ಒಲೆ ಹೂಡಿ, ತೆಂಗಿನ ಮಟ್ಟೆಯ ಉರಿಯಲ್ಲಿ ದೊಡ್ಡ ಪಾತ್ರೆ ಇಡುತ್ತಾರೆ. ಅಮ್ಮ ಹುರಿದ ಕೊತ್ತಂಬರಿ, ಚಕ್ಕೆ, ಲವಂಗವನ್ನು ಈಗಲೂ ಒರಳಲ್ಲೇ ರುಬ್ಬಬೇಕು. ಮಿಕ್ಸಿಗೆ ಹಾಕಿದರೆ ಹಬ್ಬ ಕೆಡುತ್ತದಂತೆ. ಊರಿನಲ್ಲಿರುವ ಬೆರಳೆಣಿಕೆಯಷ್ಟು ಕ್ರೈಸ್ತ ಮನೆಯವರೂ ಪಕ್ಕದ ಗೌಡರ ಮನೆಯವರೂ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಾರೆ. ಮುದ್ದೆ, ಸಾರು, ಅದರ ಮೇಲೆ ಬಾಡು. ಮಾತಿಗೆ ಬಿಡುವಿರುವುದಿಲ್ಲ.

ಊಟ ಶುರುವಾಗುವ ಮುಂಚೆ ಒಂದು ಶಾಸ್ತ್ರವಿದೆ. ಬೇರೆ ಊರಿನ ಕ್ರೈಸ್ತರಲ್ಲಿ ಇದನ್ನು ನಾನು ಕಂಡಿಲ್ಲ. ಮನೆಯವರೆಲ್ಲ ತಪಸ್ಸುಕಾಲದಲ್ಲಿ ಬಾಡು ಮಾತ್ರ ಬಿಡುತ್ತಾರೆ. ಆದರೆ ಮನೆಗೊಬ್ಬರು ನಿಜವಾದ ಉಪವಾಸ ಹಿಡಿಯಬೇಕು. ಅದಕ್ಕೆ ಒಪ್ಪತ್ತು ಅನ್ನುತ್ತೇವೆ. ಮಧ್ಯಾಹ್ನ ಒಂದು ಊಟ, ರಾತ್ರಿ ಒಂದು ಲೋಟ ರಾಗಿ ಗಂಜಿ, ಅಷ್ಟೇ. ಆ ವರ್ಷ ಯಾರು ಒಪ್ಪತ್ತು ಹಿಡಿಯುತ್ತಾರೋ ಅವರ ತಟ್ಟೆಗೆ ಮನೆಯ ಹಿರಿಯಳು ಮೊದಲ ನಲ್ಲಿ ಮೂಳೆ ಹಾಕುತ್ತಾಳೆ. ಒಳಗೆ ಮಜ್ಜೆ ತುಂಬಿದ, ಎಲ್ಲರ ಕಣ್ಣೂ ಇರುವ ಮೂಳೆ ಅದು. ಮಾರನೆಯ ದಿನ ಹಿರಿಯಳು ಮನೆಯ ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿ, ಹಸಿಯುವವರ ಹಸಿವನ್ನು ಒಂದು ಕೋರಿಕೆಗೆ ಒಪ್ಪಿಸುತ್ತಾಳೆ. ಇದಕ್ಕೆ 'ಉದ್ದೇಶ ಇಡೋದು' ಅನ್ನುತ್ತಾರೆ. ಹಸಿಯುವವರು ಒಬ್ಬರು, ಉದ್ದೇಶ ಇಡುವವರು ಇನ್ನೊಬ್ಬರು. ಹಸಿಯುವವರು ಏನೆಂದು ಕೇಳಬಾರದು. ಇಡುವವರು ಫಲ ಕೈಗೆ ಬರುವವರೆಗೆ ಹೇಳಬಾರದು. ಫಲ ಬಂದಮೇಲೆ, ಮುಂದಿನ ಕೊನೇ ಬಾಡಿನ ದಿನ ಎಲ್ಲರೆದುರು ಹೇಳಬೇಕು.

ನಮ್ಮಜ್ಜ ಒಂದು ವರ್ಷ ಒಪ್ಪತ್ತು ಹಿಡಿದು ಸೊರಗಿ ಕಡ್ಡಿಯಾದನಂತೆ. ಅಜ್ಜಿ ಉದ್ದೇಶ ಇಟ್ಟದ್ದು ಕಾಣೆಯಾದ ಸೀಮೆಹಸುವಿಗೆ. ಹಸು ಶುಭ ಶುಕ್ರವಾರ ತಾನಾಗಿ ಮನೆಗೆ ಬಂತು. ತನ್ನ ಆತ್ಮದ ಉದ್ಧಾರಕ್ಕೆ ಹಸಿದಿದ್ದೇನೆಂದು ತಿಳಿದಿದ್ದ ಅಜ್ಜ, ವಿಷಯ ಗೊತ್ತಾದ ಮೇಲೆ ಆ ಹಸುವಿನ ಹಾಲು ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಈ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ಅಜ್ಜನ ಮುಖ ಹೇಗಿದ್ದಿರಬೇಕೆಂದು ಯೋಚಿಸುವ ವಯಸ್ಸಲ್ಲ ಅದು.

ನಾನು ಮದುವೆಯಾಗಿ ತುಮಕೂರಿಗೆ ಬಂದೆ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ನಾನು. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಗಂಡನಿಗೆ ತುಮಕೂರಿನಲ್ಲೇ ಕೆಲಸ. ಇಬ್ಬರ ಸಂಬಳ, ಬಾಡಿಗೆ ಮನೆ ಬಿಟ್ಟು ಸ್ವಂತ ಮನೆ, ಎಲ್ಲ ಆಯಿತು. ಮಗು ಮಾತ್ರ ಆಗಲಿಲ್ಲ. ಒಮ್ಮೆ ನಿಂತು, ಮೂರು ತಿಂಗಳಿಗೆ ಹೋಯಿತು. ಆಮೇಲೆ ನಿಲ್ಲಲೇ ಇಲ್ಲ. ನನಗೆ ಮಗು ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬೀದಿಯಲ್ಲಿ ಹೋಗುವ ಯಾರದೋ ಮಗುವಿನ ಕಾಲ್ಗೆಜ್ಜೆ ಸದ್ದು ಕೇಳಿದರೆ ಹಾಲು ಉಕ್ಕುವುದನ್ನೂ ಮರೆತು ಕಿಟಕಿಗೆ ಹೋಗುತ್ತಿದ್ದೆ.

ಒಂದು ವರ್ಷ ಕೊನೇ ಬಾಡಿನ ದಿನ ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದಳು. ಅಲ್ಲಿಯವರೆಗೆ ಒಪ್ಪತ್ತು ಹಿಡಿಯುತ್ತಿದ್ದವಳು ಅವಳೇ. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಹಸಿದಿರಬೇಡಿ ಎಂದಿದ್ದರು.

"ಈ ವರ್ಷದಿಂದ ನೀನ್ ಹಿಡಿ. ನಾನ್ ಉದ್ದೇಶ ಇಡ್ತೀನಿ. ಹೇಳ್ಬಾರ್ದು, ಆದ್ರೂ ಹೇಳ್ತಿದೀನಿ ಕಣೇ, ನಿನ್ ಮುಖ ನೋಡಕ್ಕಾಗಲ್ಲ ನಂಗೆ. ನಿನ್ ಹೊಟ್ಟೆ ತುಂಬ್ಲಿ ಅಂತ್ಲೇ ಇಡ್ತೀನಿ. ನಿಂಗೆ ಮಗು ಆಗೋವರ್ಗೂ ಇಡ್ತೀನಿ" ಎಂದಳು.

ನನಗೋಸ್ಕರ ಅಮ್ಮ ಶಾಸ್ತ್ರ ಮುರಿದು ಬಾಯಿಬಿಟ್ಟಳಲ್ಲ ಎಂದು ನಾನು ಅತ್ತೆ. ಊಟಕ್ಕೆ ಕೂತಾಗ ಅಮ್ಮ ನಲ್ಲಿ ಮೂಳೆಯನ್ನು ನನ್ನ ತಟ್ಟೆಗೆ ಹಾಕಿ, ಯಾರಿಗೂ ಕಾಣದ ಹಾಗೆ ನನ್ನ ಹೊಟ್ಟೆಯ ಮೇಲೊಮ್ಮೆ ಕೈ ಇಟ್ಟಳು. ಆಮೇಲೆ ಪ್ರತಿ ವರ್ಷವೂ ಹಾಗೇ. ಮಾತಿಲ್ಲ, ಮೂಳೆ, ಹೊಟ್ಟೆಯ ಮೇಲೆ ಕೈ. ಆ ಕೈಯ ಬಿಸಿ ನನಗೆ ಮುಂದಿನ ನಲವತ್ತು ದಿನಕ್ಕೆ ಸಾಕಾಗುತ್ತಿತ್ತು.

ಒಪ್ಪತ್ತು ಸುಲಭವಲ್ಲ. ಮನೆಯಲ್ಲೇ ಇರುವವರು ಮಲಗಿಯಾದರೂ ಹಸಿವನ್ನು ಕಳೆಯಬಹುದು. ನನಗೆ ಮಾರ್ಚ್ ತಿಂಗಳ ಬಿಸಿಲು, ಗುಬ್ಬಿ ಬಸ್ಸು, ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆಯ ಒತ್ತಡ. ಬೆಳಗಿನ ಕೊನೆಯ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಜೀರ್ಣಾಂಗ ವ್ಯೂಹದ ಚಿತ್ರ ಬರೆಯುತ್ತಿದ್ದರೆ ನನ್ನ ಜಠರವೇ ಎದ್ದು ಪಾಠ ಮಾಡುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರಿಗೆ ಆ ಸದ್ದು ಕೇಳಿಸಿ ಕಿಸಕ್ಕನೆ ನಗುತ್ತಿದ್ದರು. ಒಂದೆರಡು ಸಲ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡೆ. ತುಮಕೂರಿನ ಡಾಕ್ಟರಮ್ಮ ಪ್ರತಿ ಸಲವೂ ತೂಕ ನೋಡಿ ಬಯ್ಯುತ್ತಿದ್ದರು. "ನಿಮ್ ಮೈಯಲ್ಲಿ ರಕ್ತಾನೇ ಇಲ್ಲ. ಮೊದ್ಲು ಹೊತ್ತೊತ್ತಿಗೆ ಊಟ ಮಾಡಿ. ಮಾತ್ರೆ ಆಮೇಲೆ." ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಡಾಕ್ಟ್ರಿಗ್ ಏನ್ ಗೊತ್ತು? ದೇವ್ರು ಕೊಡೋದು ಹಸಿದೋರ್ಗೆ" ಅನ್ನುತ್ತಿದ್ದಳು. ನಾನು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಆದರೂ ಡಾಕ್ಟರಮ್ಮನ ಮಾತು ಬಿಟ್ಟು ಅಮ್ಮನ ಮಾತು ಹಿಡಿದೆ.

ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕ ಕೂರುವ ಕನ್ನಡದ ಮೇಡಂ ಗುಬ್ಬಿಯವರೇ, ಮಠಕ್ಕೆ ನಡೆದುಕೊಳ್ಳುವ ಮನೆತನ. ಶಿವರಾತ್ರಿಗೆ ನೀರೂ ಮುಟ್ಟದೆ ಜಾಗರಣೆ ಮಾಡುವ ಹೆಂಗಸು. ಕೆಲವು ವರ್ಷ ಅವರ ಶಿವರಾತ್ರಿಯೂ ನಮ್ಮ ಬೂದಿ ಬುಧವಾರವೂ ಬೆನ್ನಿಗೆ ಬೆನ್ನು ಬರುತ್ತವೆ. ಆಗ ಇಬ್ಬರೂ ಹಣೆಗೆ ಬೂದಿ ಇಟ್ಟುಕೊಂಡು ಪಕ್ಕಪಕ್ಕ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಅವರದು ಅಡ್ಡ, ನನ್ನದು ಶಿಲುಬೆ. ಒಮ್ಮೆ ಅವರು ಕೇಳಿದರು.

"ನಿಮ್ ಉಪ್ವಾಸಕ್ಕೆ ಸಂಕಲ್ಪ ಯಾರ್ ಮಾಡ್ತಾರೆ?"

"ನಮ್ಮಮ್ಮ."

"ಹಸಿಯೋದ್ ನೀವು, ಸಂಕಲ್ಪ ಅವ್ರಾ? ಅದ್ಯಾವ್ ಸೀಮೆ ಪದ್ಧತಿರೀ! ನಮ್ದ್ರಲ್ಲಿ ನಮ್ ಬಾಯಲ್ಲೇ ಹೇಳ್ಕೋಬೇಕಪ್ಪ."

"ನಮ್ದ್ರಲ್ಲಿ ಹಾಗೇ" ಎಂದು ಸ್ವಲ್ಪ ಬಿಗುಮಾನದಿಂದಲೇ ಹೇಳಿದೆ. ತಾಯಿಯ ಬಾಯಿಂದ ಹೋದ ಕೋರಿಕೆಗೆ ತೂಕ ಹೆಚ್ಚು ಎಂದು ನಾನು ನಂಬಿದ್ದೆ.

ಈ ನಡುವೆ ತಮ್ಮನಿಗೆ ಮದುವೆಯಾಯಿತು. ಅವನು ನನಗಿಂತ ಬಹಳ ಚಿಕ್ಕವನು, ಅಮ್ಮನ ಕೊನೆಯ ಮಗ. ಊರಲ್ಲೇ ಇದ್ದು ತೋಟ ನೋಡಿಕೊಂಡು ಕುಣಿಗಲ್ಲಿನಲ್ಲಿ ಒಂದು ಕೆಲಸವನ್ನೂ ಹಿಡಿದಿದ್ದ. ಅವನ ಹೆಂಡತಿ ಒಳ್ಳೆಯ ಹುಡುಗಿ, ನನ್ನನ್ನು ಕಂಡರೆ ಪ್ರೀತಿ. ಅವರಿಗೂ ವರ್ಷಗಟ್ಟಲೆ ಮಕ್ಕಳಾಗಲಿಲ್ಲ. ಆ ಸಂಕಟ ಏನೆಂದು ಗೊತ್ತಿದ್ದ ನಾನು ಅವಳೆದುರು ಆ ಮಾತನ್ನೇ ಎತ್ತುತ್ತಿರಲಿಲ್ಲ. ತಪಸ್ಸುಕಾಲದಲ್ಲಿ ತವರಿಗೆ ಹೋದರೆ ಅವಳು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತ, "ಅತ್ಗೆ, ನೀವ್ ಹೆಂಗ್ ತಡ್ಕೋತೀರಾ?" ಅನ್ನುತ್ತಿದ್ದಳು. ಅಮ್ಮ ಅವಳ ತಟ್ಟೆಗೆ ಇನ್ನೊಂದು ಚಮಚ ಬೆಣ್ಣೆ ಹಾಕುತ್ತಿದ್ದಳು. ಸೊಸೆಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಅತ್ತೆ ಊರಲ್ಲಿ ಯಾರಿದ್ದಾರೆ ಎಂದು ನಾನೇ ಹತ್ತು ಕಡೆ ಹೊಗಳಿದ್ದೇನೆ.

ಕೊನೆಗೂ ಅವಳು ಬಸುರಿಯಾದಳು. ಗಂಡುಮಗು. ನಾನು ರಜೆ ಹಾಕಿ ಹೋಗಿ ಬಾಣಂತನಕ್ಕೆ ಕೈ ಕೊಟ್ಟೆ, ಮಗುವಿಗೆ ನೀರು ಹಾಕಿದೆ. ಸುಳ್ಳು ಹೇಳುವುದಿಲ್ಲ, ಬಸ್ಸಿನಲ್ಲಿ ವಾಪಸು ಬರುವಾಗ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಆದರೂ ಹೊಟ್ಟೆಕಿಚ್ಚು ಅದಲ್ಲ. ಅವರಿಗಾಯಿತು, ನನಗೂ ಆದೀತು, ಅಮ್ಮ ಇಡುತ್ತಿದ್ದಾಳಲ್ಲ ಎಂದುಕೊಂಡೆ. ವಯಸ್ಸು ನಲವತ್ತು ದಾಟಿತ್ತು. ನಂಬಿಕೆಗೆ ವಯಸ್ಸು ಗೊತ್ತಾಗುವುದಿಲ್ಲ.

ಮುಂದಿನ ಕೊನೇ ಬಾಡು ಬಂತು. ಆ ಸಲ ಎರಡು ಮರಿ ಕಡಿದಿದ್ದರು. ಪಡಸಾಲೆ ಸಾಲದೆ ಅಂಗಳಕ್ಕೆ ಶಾಮಿಯಾನ ಹಾಕಿಸಿದ್ದ ತಮ್ಮ. ತೊಟ್ಟಿಲಲ್ಲಿ ಮಗು. ಎಲ್ಲರೂ ಸಾಲಾಗಿ ಕೂತ ಮೇಲೆ ಅಮ್ಮ ಸೌಟು ಹಿಡಿದುಕೊಂಡೇ ನಡುವೆ ಬಂದು ನಿಂತಳು.

"ಎಲ್ರೂ ಒಂಚೂರು ಕೇಳ್ರಪ್ಪ. ಈ ನನ್ ಮೊಮ್ಮಗ ಸುಮ್ನೆ ಬಂದವ್ನಲ್ಲ. ಅವ್ರತ್ತೆ ಹಸ್ಕೊಂಡಿದ್ದಕ್ಕೆ ಬಂದವ್ನೆ. ನನ್ ಮಗ್ಳು ಇಷ್ಟ್ ವರ್ಷ ಒಪ್ಪತ್ತು ಹಿಡಿದ್ಲು, ನಾನು ಇವ್ನಿಗೆ ಮಗು ಆಗ್ಲಿ ಅಂತ ಉದ್ದೇಶ ಇಟ್ಟೆ. ದೇವ್ರು ಕೈ ಬಿಡ್ಲಿಲ್ಲ. ಫಲ ಕೈಗ್ ಬಂತು, ಅದಕ್ಕೆ ಈಗ ಹೇಳ್ತಿದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯ ಗೌಡ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಕ್ಕ ಅಂದ್ರೆ ಹಿಂಗಿರ್ಬೇಕು ನೋಡ್ರೇ" ಎಂದಳು. ತಮ್ಮನ ಹೆಂಡತಿ ಎದ್ದು ಬಂದು ನನ್ನ ಕಾಲಿಗೆ ಬಿದ್ದಳು, ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ತಮ್ಮ ಫೋನಿನಲ್ಲಿ ಅದನ್ನು ವಿಡಿಯೊ ಮಾಡುತ್ತಿದ್ದ. ನನ್ನ ತಟ್ಟೆಯಲ್ಲಿ ಆಗಲೇ ನಲ್ಲಿ ಮೂಳೆ ಬಿದ್ದಿತ್ತು, ಹೊಟ್ಟೆಯ ಮೇಲೆ ಕೈಯೂ ಬಿದ್ದಾಗಿತ್ತು. ನಾನು ನಕ್ಕೆ. ಆ ವಿಡಿಯೊದಲ್ಲಿ ನಾನು ನಗುತ್ತಿರುವುದು ಈಗಲೂ ಕಾಣಿಸುತ್ತದೆ. ಅಷ್ಟು ಜನರೆದುರು ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗಾಯಿತು. ಹಸಿವು ನನ್ನದು, ಜಾತ್ರೆ ಅವರದು.

ಊಟ ಮುಗಿದು ಜನ ಎದ್ದಮೇಲೆ ಹಿತ್ತಿಲಿಗೆ ಹೋದೆ. ಅಮ್ಮ ಪಾತ್ರೆ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರಿನಿಂದ ಸಾರಿನ ಪಾತ್ರೆ ಉಜ್ಜುತ್ತಿದ್ದಳು.

"ಯಾವಾಗಿಂದ ಅಮ್ಮ?" ಎಂದು ಕೇಳಿದೆ.

"ಏನೇ?"

"ಅವನ ಹೆಸ್ರಿಗೆ ಇಟ್ಟಿದ್ದು."

ಅವಳು ತಲೆಯೆತ್ತಲಿಲ್ಲ. "ಇವನ್ ಮದ್ವೆ ಆದ್ಮೇಲೆ. ಮೊದ್ಲು ನಿಂಗೇ ಇಟ್ಟಿದ್ದೆ ಕಣೇ, ದೇವ್ರಾಣೆ. ಆಗ್ಲಿಲ್ವಲ್ಲ."

"ಆಗ್ಲಿಲ್ಲ ಅಂದ್ರೆ ನಂಗ್ ಒಂದ್ ಮಾತು ಹೇಳ್ಬೇಕು ತಾನೆ? ನಿಂಗ್ ಇಡೋದ್ ನಿಲ್ಲಿಸ್ದೆ ಅಂತ?"

"ಹೇಳಿದ್ರೆ ನೀನ್ ಹಿಡೀತಿದ್ಯಾ?"

ಹಿಡಿಯುತ್ತಿದ್ದೆನೋ ಏನೋ. ತಮ್ಮನಿಗೋಸ್ಕರ ಒಂದೆರಡು ವರ್ಷ ಹಿಡಿ ಅಂದಿದ್ದರೆ ಸಂತೋಷದಿಂದಲೇ ಹಿಡಿಯುತ್ತಿದ್ದೆ. ಕೇಳಿ ಪಡೆಯಬಹುದಾದದ್ದನ್ನು ಅವಳು ಕದ್ದಳು. ನನಗೆ ಉರಿದದ್ದು ಅದಕ್ಕೆ.

"ಇಬ್ರಿಗೂ ಸೇರ್ಸಿ ಇಡ್ಬೋದಿತ್ತು" ಎಂದೆ.

"ಒಂದ್ ಉಪ್ವಾಸಕ್ಕೆ ಒಂದೇ ಉದ್ದೇಶ. ನಿಂಗ್ ಗೊತ್ತಿಲ್ವಾ? ಮನೆ ಬೆಳೀಬೇಕಲ್ವೇನೇ? ನೀನ್ ಹೋದ್ ಮನೆ ಯೋಚ್ನೆ ಅವ್ರ್ ಮಾಡ್ಕೋತಾರೆ."

"ಹಂಗಾದ್ರೆ ಒಪ್ಪತ್ತು ಅವಳ ಕೈಲೇ ಹಿಡಿಸ್ಬೇಕಿತ್ತು. ಅವಳ ಮಗು, ಅವಳ ಹಸಿವು."

ಅಮ್ಮ ಉಜ್ಜುವುದನ್ನು ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದಳು. ಏನೂ ತಿಳಿಯದವಳಿಗೆ ತಿಳಿಹೇಳುವಂತೆ ಹೇಳಿದಳು. "ಅಯ್ಯೋ, ಬಸ್ರಿ ಆಗ್ಬೇಕಾದೋಳ್ನ ಯಾರಾದ್ರೂ ಉಪ್ವಾಸ ಕೆಡುವ್ತಾರೇನೇ? ಮೈಯಲ್ಲಿ ರಕ್ತ ಇದ್ರಲ್ವಾ ಮಗು ನಿಲ್ಲೋದು?"

ಮತ್ತೆ ಪಾತ್ರೆ ಉಜ್ಜತೊಡಗಿದಳು. ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಗಲೇ ಇಲ್ಲ. ಮೈಯಲ್ಲಿ ರಕ್ತವಿಲ್ಲ ಅನ್ನುತ್ತಿದ್ದ ಡಾಕ್ಟರಮ್ಮನ ಮಾತೇ ಅದು. ಅಮ್ಮನಿಗೆ ಅದು ಮೊದಲಿಂದಲೂ ಗೊತ್ತಿತ್ತು. ಸೊಸೆಯ ತಟ್ಟೆಗೆ ಬೆಣ್ಣೆ ಹಾಕುವಾಗ ಗೊತ್ತಿತ್ತು. ನನ್ನ ಖಾಲಿ ಹೊಟ್ಟೆಯ ಮೇಲೆ ಕೈ ಇಡುವಾಗಲೂ ಗೊತ್ತಿತ್ತು. ನಾನು ಬಸುರಿಯಾಗಬೇಕಾದವಳ ಲೆಕ್ಕದಲ್ಲೇ ಇರಲಿಲ್ಲ. ಹಸಿಯುವವಳ ಲೆಕ್ಕದಲ್ಲಿದ್ದೆ. ನನ್ನನ್ನು ಹೆತ್ತವಳು ಹೀಗೆ ಮಾಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಊರಿಂದ ತುಮಕೂರಿಗೆ ಸ್ಕೂಟರಿನಲ್ಲಿ ವಾಪಸು ಬರುವಾಗ ಗಂಡನಿಗೆ ಎಲ್ಲ ಹೇಳಿದೆ. ಅವನು, "ದೇವ್ರೇನು ಪೋಸ್ಟ್‌ಮ್ಯಾನಾ, ಮೇಲಿನ್ ಹೆಸ್ರು ನೋಡಿ ಹಂಚಕ್ಕೆ? ಯಾರ್ ಹಸಿದ್ರು ಅಂತ ಅವ್ನಿಗ್ ಗೊತ್ತಿರಲ್ವಾ?" ಎಂದ. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮಾತ್ರ ಅಮ್ಮನ ಮೇಲಿದ್ದ ಸಿಟ್ಟಿನ ಜೊತೆಗೆ ದೇವರ ಮೇಲೂ ಸಿಟ್ಟು ಬಂತು. ಹೌದಲ್ಲ, ಅವನು ನೋಡುತ್ತಿದ್ದನಲ್ಲ! ಬೋರ್ಡಿನ ಮುಂದೆ ತಲೆ ಸುತ್ತಿ ಮೇಜು ಹಿಡಿದವಳು ಯಾರು, ಬೆಣ್ಣೆ ತಿಂದವಳು ಯಾರು ಎಂದು ಅವನಿಗೆ ಕಾಣಿಸುತ್ತಿತ್ತಲ್ಲ! ಕಂಡೂ ಅಮ್ಮನ ಶಿಫಾರಸಿಗೇ ಬೆಲೆ ಕೊಟ್ಟನೆಂದರೆ ಅವನೂ ನಮ್ಮ ಕಡೆಯವನೇ, ಗಂಡುಮಕ್ಕಳ ಮನೆ ಬೆಳೆಯಲಿ ಅನ್ನುವವನು.

ಮಾರನೆಯ ದಿನ ಬೂದಿ ಬುಧವಾರ. ರಜೆ ಹಾಕಿದ್ದೆ. ರೂಢಿಯ ಕಾಲು, ಚರ್ಚಿಗೆ ನಡೆದವು. ಹೋದ ವರ್ಷದ ಗರಿಗಳ ಭಾನುವಾರ ನಾವು ಕೈಯಲ್ಲಿ ಹಿಡಿದಿದ್ದ ತೆಂಗಿನ ಗರಿಗಳನ್ನೇ ಸುಟ್ಟು ಮಾಡಿದ ಬೂದಿಯನ್ನು ಫಾದರ್ ನನ್ನ ಹಣೆಗೆ ಶಿಲುಬೆಯಾಗಿ ಹಚ್ಚಿದರು. ಹೊರಗೆ ಬಂದವಳು ಮನೆ ಕಡೆ ತಿರುಗಲಿಲ್ಲ. ನೇರ ಒಂದು ಮಿಲಿಟರಿ ಹೋಟೆಲಿಗೆ ನುಗ್ಗಿ, "ಒಂದ್ ಮಟನ್ ಊಟ" ಎಂದೆ. ಒಬ್ಬಳೇ ಹೆಂಗಸು, ಹಣೆಯಲ್ಲಿ ಕಪ್ಪು ಶಿಲುಬೆ, ಬೆಳಗಿನ ಹೊತ್ತಿಗೇ ಮಟನ್ ಊಟ. ಗಲ್ಲಾದಲ್ಲಿ ಕೂತಿದ್ದ ಯಜಮಾನರು ನನ್ನನ್ನು ಬಲ್ಲವರಲ್ಲ. ಆದರೂ ಎದ್ದು ಬಂದು ತಗ್ಗಿದ ದನಿಯಲ್ಲಿ, "ಮೇಡಂ, ಇವತ್ತು ನಿಮ್ಮೋರ್ದು ಉಪ್ವಾಸ ಅಲ್ವಾ? ಮರ್ತು ಬಂದ್ರಾ?" ಎಂದು ಕೇಳಿದರು.

"ಮರ್ತಿಲ್ಲ. ತನ್ನಿ" ಎಂದೆ.

ತಂದಿಟ್ಟರು. ಬಿಸಿ ಮುದ್ದೆ, ಎಣ್ಣೆ ತೇಲುವ ಸಾರು. ತುತ್ತು ಬಾಯಿಗಿಟ್ಟೆ. ಇಳಿಯಲಿಲ್ಲ. ಬಾಯಲ್ಲಿ ಅತ್ತಿಂದಿತ್ತ ಹೊರಳಿಸಿದೆ, ನೀರು ಕುಡಿದೆ, ಆದರೂ ಇಳಿಯಲಿಲ್ಲ. ಇಷ್ಟು ವರ್ಷ ಹಸಿದ ಗಂಟಲು ಆ ದಿನ ತಿನ್ನುವುದನ್ನೇ ಮರೆತಿತ್ತು. ಮೋಸ ಹೋದದ್ದು ಸಾಲದೆಂದು ನೆಟ್ಟಗೆ ಒಂದು ಪಾಪ ಮಾಡಲೂ ಬಾರದವಳಾಗಿದ್ದೆ. ಕೈ ತೊಳೆದು ಎದ್ದೆ. ಯಜಮಾನರು ದುಡ್ಡು ಬೇಡ ಎಂದರು, ನಾನು ಟೇಬಲ್ಲಿನ ಮೇಲೆ ಬಿಸಾಕಿ ಬಂದೆ. ಪಾಪ, ಆ ಮನುಷ್ಯನ ತಪ್ಪೇನಿತ್ತು!

ಕನ್ನಡದ ಮೇಡಂಗೆ ಒಂದು ದಿನ ವಿಷಯ ಹೇಳಿದೆ. ನಾನು ಆಗಲೇ ಹೇಳಿದ್ದೆ ಅನ್ನುತ್ತಾರೇನೋ ಎಂದು ಕಾದೆ. ಅವರು ಹಾಗನ್ನಲಿಲ್ಲ. ತಮ್ಮ ಡಬ್ಬಿ ತೆಗೆದು, ಚಪಾತಿ ಮುರಿದು ನನ್ನ ಕೈಗಿಟ್ಟು, "ಮೊದ್ಲು ಇದನ್ ತಿನ್ರಿ" ಎಂದರು. ಆ ವರ್ಷ ನಾನು ಒಪ್ಪತ್ತು ಹಿಡಿಯಲಿಲ್ಲ. ಡಾಕ್ಟರಮ್ಮನ ಮಾತಿನಂತೆ ಹೊತ್ತೊತ್ತಿಗೆ ತಿಂದೆ, ಮೈ ತುಂಬಿಕೊಂಡೆ. ಕನ್ನಡಿಯಲ್ಲಿ ಕೆನ್ನೆ ಕಂಡವು. ಅದೇ ಹೊತ್ತಿಗೆ ತಿಂಗಳ ಲೆಕ್ಕ ಹಿಂದೆ ಮುಂದೆ ಆಗತೊಡಗಿತು. ಒಂದು ತಿಂಗಳು ಬರಲಿಲ್ಲ. ನಾನು ಹುಚ್ಚಿಯ ಹಾಗೆ ಮೆಡಿಕಲ್ ಶಾಪಿಗೆ ಓಡಿ ಪರೀಕ್ಷೆಯ ಕಿಟ್ ತಂದೆ. ಒಂದೇ ಗೆರೆ. ಮತ್ತೊಂದು ತಿಂಗಳೂ ಬರಲಿಲ್ಲ, ಮತ್ತೂ ಒಂದೇ ಗೆರೆ. ಕೊನೆಗೆ ಡಾಕ್ಟರಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದರು. ಅವರು ಆ ದಿನ ಬಯ್ಯಲಿಲ್ಲವಾದ್ದರಿಂದ ನನಗೆ ಮೊದಲೇ ಅರ್ಥವಾಗಿತ್ತು. ಅದನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಹೋದ ವರ್ಷದ ಕೊನೇ ಬಾಡಿನ ಊಟಕ್ಕೆ ಪರೀಕ್ಷೆಯ ಕೆಲಸವಿದೆಯೆಂದು ನೆಪ ಹೇಳಿ ತಪ್ಪಿಸಿಕೊಂಡೆ. ತಮ್ಮ ವಾಟ್ಸಾಪಿನಲ್ಲಿ ಮಗುವಿನ ಫೋಟೊ ಕಳಿಸುತ್ತಲೇ ಇದ್ದ. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಎತ್ತಿಕೊಂಡರೆ ನನ್ನ ಕತ್ತಿಗೆ ಮುಖ ಒತ್ತಿ ಮಲಗುತ್ತಾನೆ. ಎಲ್ಲರೂ "ನಿನ್ ಉಪ್ವಾಸದ್ ಮಗ" ಎಂದು ಅವನನ್ನು ನನ್ನ ತೋಳಿಗೆ ಕೊಡುತ್ತಾರೆ, ಸಂಜೆಯಾದರೆ ವಾಪಸು ತೆಗೆದುಕೊಳ್ಳುತ್ತಾರೆ.

ಈ ವರ್ಷ ಅಮ್ಮನೇ ಫೋನ್ ಮಾಡಿದಳು. "ಬಾರೇ. ನಂಗೂ ಮನ್ಸು ಸರಿ ಇಲ್ಲ. ಈ ಸಲ ನಿಂಗೇ ಇಡ್ತೀನಿ, ಬೇರೆ ಯಾರ್ಗೂ ಇಲ್ಲ." ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ.

ಹೋದೆ. ಅದೇ ಪಡಸಾಲೆ, ಅದೇ ಸಾಲು. ಪಕ್ಕದ ಮನೆಯ ಅಜ್ಜ ಈಗಿಲ್ಲ, ಅವನ ಜಾಗದಲ್ಲಿ ಅವನ ಮಗ ಕೂತು ಕುರಿಯ ಮಾತು ಹೇಳಿದ, ಎಲ್ಲರೂ ನಕ್ಕರು. ನನ್ನ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ತಮ್ಮ. ಅಮ್ಮ ಸೌಟು ಹಿಡಿದು ಬಂದಳು. ವಯಸ್ಸಾಗಿದೆ ಅವಳಿಗೆ. ನಲ್ಲಿ ಮೂಳೆಯನ್ನು ಆರಿಸಿ ನನ್ನ ತಟ್ಟೆಗೆ ಹಾಕಿದಳು. ಬಗ್ಗಿ, ಈ ಸಲ ಎಲ್ಲರಿಗೂ ಕಾಣುವ ಹಾಗೆಯೇ, ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಎಲ್ರ್ ಮುಂದೇನೇ ಹೇಳ್ತಿದೀನಿ. ಈ ಸಲ ನನ್ ಮಗ್ಳಿಗೆ."

ನಾನು ಮೂಳೆಯನ್ನೆತ್ತಿ ತಮ್ಮನ ತಟ್ಟೆಗೆ ಹಾಕಿದೆ. "ಈ ವರ್ಷ ನೀನ್ ಹಿಡಿಯೋ ಒಪ್ಪತ್ತು."

ಅವನು ನಗುತ್ತಲೇ, "ಯಾರ್ಗಕ್ಕ?" ಎಂದ.

"ಹಸಿಯೋರು ಕೇಳ್ಬಾರ್ದು ಕಣೋ."

ಅವನ ನಗು ಅರ್ಧಕ್ಕೇ ನಿಂತಿತು. ಅಮ್ಮನ ಮುಖ ನೋಡಿದ. ಅಮ್ಮ, "ಊಟದ್ ಹೊತ್ತಲ್ಲಿ ಇದೇನೇ ಹಟ? ನಿಂಗೆ ಮಗು ಬ್ಯಾಡ್ವಾ?" ಎಂದಳು.

"ನಂಗೆ ಮುಟ್ಟು ನಿಂತು ವರ್ಷ ದಾಟ್ತಮ್ಮ" ಎಂದೆ.

ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಮ್ಮ, "ನಂಗ್ ಒಂದ್ ಮಾತು ಹೇಳ್ಲೇ ಇಲ್ವಲ್ಲೇ" ಎಂದಳು.

"ಹೇಳ್ಬಾರ್ದು ಅಂತ ನೀನೇ ಅಲ್ವಾ ಕಲಿಸಿದ್ದು."

ಅವಳ ಕೈ ಇನ್ನೂ ನನ್ನ ಹೊಟ್ಟೆಯ ಮೇಲೇ ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಮುದ್ದೆ ಮುರಿದೆ.